ಪಾಸ್ ಕ್ಲಾಸಿಗೆ ಪೇಢೆ

ಕಳೆದ ವಾರ ನಮ್ಮ ಮಗಳು ಎಸ್ಸೆಸ್ಸಿ ಪಾಸಾದಳು. ಪಾಸ್ ಕ್ಲಾಸು. ನಾನು ದಾದರ್ ಸ್ಟೇಷನ್ ಹತ್ತಿರದ ಅಂಗಡಿಯಿಂದ ಪೇಢೆ ತಂದು ಚಾಳಿನ ಎಲ್ಲ ಮಹಡಿಗೂ ಹಂಚಿದೆ.

ಎದುರು ಖೋಲಿಯ ಹುಡುಗಿಯೂ ಪಾಸಾಗಿದ್ದಳು. ಫಸ್ಟ್ ಕ್ಲಾಸು. ಅವರ ಮನೆಯಿಂದ ಬಂದದ್ದು ತಲೆಗೊಂದು ಚಿಟಿಕೆ ಸಕ್ಕರೆ. ಅವಳ ತಾಯಿ ನಾನು ಕೊಟ್ಟ ಪೇಢೆಯನ್ನು ಅಂಗೈಯಲ್ಲೇ ಇಟ್ಟುಕೊಂಡು ಎಷ್ಟು ಪರ್ಸೆಂಟು ಎಂದು ಕೇಳಿದರು. ಹೇಳಿದೆ. ಅವರು ಪೇಢೆ ನೋಡಿದರು, ನನ್ನನ್ನು ನೋಡಿದರು, ಮತ್ತೆ ಪೇಢೆ ನೋಡಿದರು. 'ಬರಂ ಝಾಲಂ' ಎಂದರು, ಒಳ್ಳೇದಾಯ್ತು ಎಂದು. ಕಾಯಿಲೆಯವರ ಮನೆಯಲ್ಲಿ ಮಾತಾಡುವ ದನಿ.

ಆ ದನಿ ನನಗೆ ಹೊಸದಲ್ಲ. ಹತ್ತು ವರ್ಷಗಳಿಂದ ಕೇಳುತ್ತ ಬಂದಿದ್ದೇನೆ.

ಈ ಅಂಕಣದಲ್ಲಿ ಹಾಲಿನ ಕ್ಯೂ ಬಗ್ಗೆ ಬರೆದಿದ್ದೇನೆ. ಲೋಕಲ್ ರೈಲಿನ ಲೇಡೀಸ್ ಡಬ್ಬಿಯ ಜಗಳಗಳ ಬಗ್ಗೆ ಬರೆದಿದ್ದೇನೆ. ಟ್ರಂಕ್ ಕಾಲ್ ಸಿಗದಿದ್ದರೆ ಅದು ನನ್ನದೇ ಅಪರಾಧವೆಂದು ಬೈಯುವವರ ಬಗ್ಗೆಯೂ ಬರೆದಿದ್ದೇನೆ (ನಾನು ಟೆಲಿಫೋನ್ ಆಪರೇಟರ್ ಎಂಬುದು ನಿಮಗೆ ಗೊತ್ತೇ ಇದೆ). ಮಗಳ ಬಗ್ಗೆ ಮಾತ್ರ ಬರೆದಿಲ್ಲ. ಯಾಕೆ? ಅವಳು ಒಪ್ಪಿರಲಿಲ್ಲ. ಈ ವಾರ ಒಪ್ಪಿದ್ದಾಳೆ.

ಅವಳ ಹೆಸರು ಮಂದಾಕಿನಿ. ಒಬ್ಬಳೇ ಮಗಳು. ಅರವತ್ತರ ದಶಕದ ಕೊನೆಗೆ ಅವಳನ್ನು ಕನ್ನಡ ಶಾಲೆಗೆ ಹಾಕಿದೆವು. ಮುಂಬಯಿಯಲ್ಲಿದ್ದೂ ಕನ್ನಡ ಶಾಲೆಯೇ ಎಂದು ಕೇಳಿದವರಿಗೆ, ಮುಂಬಯಿಯಲ್ಲಿರುವುದರಿಂದಲೇ ಎಂದು ಉತ್ತರ ಕೊಡುತ್ತಿದ್ದೆ. ನನ್ನ ತಂದೆ ಧಾರವಾಡದಲ್ಲಿ ಆಯುಷ್ಯವಿಡೀ ಕನ್ನಡ ಮಾಸ್ತರರಾಗಿದ್ದವರು. ನಾನಂತೂ ಕಂಡ ಕಂಡ ವೇದಿಕೆ ಹತ್ತಿ 'ಮಕ್ಕಳನ್ನು ಕನ್ನಡ ಶಾಲೆಗೆ ಕಳಿಸಿರಿ' ಎಂದು ಭಾಷಣ ಮಾಡಿದವಳು.

ಮೊದಲ ವರ್ಷ ಎಲ್ಲವೂ ಚೆನ್ನಾಗಿತ್ತು. ಹಾಗೆಂದು ನಾವು ತಿಳಿದಿದ್ದೆವು.

ಒಂದು ಸಂಜೆ ಅವಳು ಅಪ್ಪನ ಮುಂದೆ ಕೂತು ಪಾಠ ಓದುತ್ತಿದ್ದಳು. ಸಾಲಿನ ಮೇಲೆ ಬೆರಳಿಟ್ಟು, ಎಲ್ಲೂ ತಡವರಿಸದೆ, ರಾಗವಾಗಿ. ಪುಟ ತಿರುವಿದಳು. ಎರಡು ಹಾಳೆ ಒಂದಕ್ಕೊಂದು ಅಂಟಿಕೊಂಡಿದ್ದವು (ಹಿಂದಿನ ದಿನ ಪುಸ್ತಕದ ಮೇಲೆ ಬೆಲ್ಲದ ಪಾಕ ಚೆಲ್ಲಿತ್ತು). ಹಾಗಾಗಿ ನಡುವಿನ ಪಾಠ ಕಾಣುತ್ತಲೇ ಇರಲಿಲ್ಲ. ಅವಳು ಆ ಕಾಣದ ಪಾಠವನ್ನೇ ಓದುತ್ತ ಹೋದಳು. ಒಂದು ಶಬ್ದವೂ ತಪ್ಪಲಿಲ್ಲ. ಬೆರಳು ಮಾತ್ರ ಬೇರೆ ಪಾಠದ ಮೇಲೆ ಓಡುತ್ತಿತ್ತು.

ಇವರು ತಲೆಯೆತ್ತಿ ನನ್ನತ್ತ ನೋಡಿದರು. ಆಮೇಲೆ ಮೆಲ್ಲಗೆ ಇನ್ನೆಲ್ಲೋ ಒಂದು ಪುಟ ತೆಗೆದು, 'ಇಲ್ಲಿ ಓದವಾ' ಎಂದರು.

ಅವಳು ಪುಟದಲ್ಲಿ ಚಿತ್ರ ಹುಡುಕಿದಳು. ಚಿತ್ರವಿರಲಿಲ್ಲ. ಪುಸ್ತಕ ಮುಚ್ಚಿದಳು.

'ನಂಗ ಹೊಟ್ಟಿ ನೋಯ್ತದ' ಎಂದಳು.

ಇಡೀ ಪುಸ್ತಕವನ್ನು ಅವಳು ಕಿವಿಯಿಂದ ಕಲಿತಿದ್ದಳು. ಟೀಚರು ಓದಿದ್ದನ್ನು, ಪಕ್ಕದವಳು ಓದಿದ್ದನ್ನು ಕೇಳಿ ಕೇಳಿ ಬಾಯಿಪಾಠ ಮಾಡಿದ್ದಳು. ಯಾವ ಚಿತ್ರ ಬಂದಾಗ ಯಾವ ಪಾಠ, ಯಾವ ಶಬ್ದಕ್ಕೆ ಪುಟ ತಿರುವಬೇಕು, ಎಲ್ಲವೂ ಅವಳಿಗೆ ಗೊತ್ತಿತ್ತು. ಅಕ್ಷರ ಮಾತ್ರ ಒಂದೂ ಗೊತ್ತಿರಲಿಲ್ಲ. ಬೆಳಿಗ್ಗೆ ಹೇಳಿಕೊಟ್ಟ 'ಮ' ಮಧ್ಯಾಹ್ನಕ್ಕೆ 'ವ' ಆಗುತ್ತಿತ್ತು, ಸಂಜೆಗೆ 'ಪ'. ತಿದ್ದಿಸಿದೆ. ಮರುದಿನ ಮತ್ತೆ ಮೊದಲಿನಿಂದ.

ಇಷ್ಟೊಂದನ್ನು ನೆನಪಿಡುವ ಮಗುವಿಗೆ ಒಂದು 'ಮ' ಯಾಕೆ ನೆನಪಿರುವುದಿಲ್ಲ? ನೀವೇ ಹೇಳಿ, ಯಾವ ತಾಯಿಗೆ ಇದು ಅರ್ಥವಾದೀತು?

ಶಾಲೆಗೂ ಅರ್ಥವಾಗಲಿಲ್ಲ. ಮುಂದಿನ ವರ್ಷ ಪಾಠಗಳು ಉದ್ದವಾದವು, ಅವಳ ಉಪಾಯ ಸಾಲದಾಯಿತು. ನಪಾಸಾದಳು. ಅದೇ ಕ್ಲಾಸಿನಲ್ಲಿ ಮತ್ತೆ ಕೂತಳು, ಮತ್ತೆ ನಪಾಸಾದಳು. ಮನೆಯಲ್ಲಿ ನಾವು ಅವಳನ್ನು ಮಂದಾ ಎನ್ನುತ್ತಿದ್ದೆವು. ಶಾಲೆಯಲ್ಲಿ ಅದು ಮತಿಮಂದಾ ಆಯಿತು. ನಮ್ಮ ದುರದೃಷ್ಟಕ್ಕೆ ಆ ಶಬ್ದ ಕನ್ನಡದಲ್ಲೂ ಅದೇ, ಮರಾಠಿಯಲ್ಲೂ ಅದೇ. ಚಾಳಿನ ಮಕ್ಕಳಿಗೂ ಕೂಡಲೇ ತಿಳಿಯಿತು. ಒಂದು ದಿನ ಅವಳು ಚೀಲ ಮೂಲೆಗಿಟ್ಟು ಹೇಳಿದಳು: 'ಇನ್ ಮ್ಯಾಲೆ ನಂಗ ಪೂರಾ ಹೆಸರು ಹಿಡದು ಕರೀರಿ.' ತನಗೇ ಬರೆಯಲು ಬಾರದ ಹೆಸರು ಅದು. ಅಂದಿನಿಂದ ನಮ್ಮ ಮನೆಯಲ್ಲಿ ಮಂದಾ ಇಲ್ಲ, ಮಂದಾಕಿನಿಯೇ.

ಹೆಡ್ಮಾಸ್ತರರು ಕರೆಸಿದರು. ದಕ್ಷಿಣ ಕನ್ನಡದವರು, ಸಾಧು ಮನುಷ್ಯ. ನನಗೆ ಚಹಾ ತರಿಸಿದರು.

'ನಾವೂ ಪ್ರಯತ್ನ ಮಾಡಿದ್ದೇವೆ ಅಮ್ಮ. ಒಂದು ಕ್ಲಾಸಿನಲ್ಲಿ ಅಷ್ಟು ಮಕ್ಕಳು, ಒಬ್ಬರೇ ಟೀಚರು. ಇಂಥವರಿಗೆ ಬೇರೆ ಶಾಲೆ ಉಂಟು. ಅದು ಬೇಡವಾದರೆ ಹೊಲಿಗೆ ಕಲಿಸಿ. ಹುಡುಗಿ ಅಲ್ಲವಾ?'

ಹುಡುಗಿ ಅಲ್ಲವಾ. ಹುಡುಗನಾಗಿದ್ದರೆ ಏನು ಹೇಳುತ್ತಿದ್ದರೋ. ಆ ಹುಡುಗಿ ನನ್ನ ಪಕ್ಕದ ಕುರ್ಚಿಯಲ್ಲೇ ಕೂತು ಎಲ್ಲವನ್ನೂ ಕೇಳಿಸಿಕೊಂಡಳು. ಬಸ್ ಸ್ಟಾಪಿನಲ್ಲಿ ನನ್ನ ಸೆರಗು ಹಿಡಿದು ಕೇಳಿದಳು:

'ಬ್ಯಾರೆ ಶಾಲಿ ಅಂದ್ರ ಹುಚ್ಚರ ಶಾಲಿ ಏನವ್ವಾ?'

ಅಲ್ಲ ಎಂದೆ. ಅವಳ ಕೈ ಹಿಡಿದು ಬಸ್ಸು ಹತ್ತಿದೆ.

ಕಣ್ಣು ತೋರಿಸಿದೆವು. ಕಣ್ಣು ಚೆನ್ನಾಗಿವೆ ಎಂದರು. ಕಿವಿ ತೋರಿಸಿದೆವು. ಕಿವಿ ನಮ್ಮೆಲ್ಲರಿಗಿಂತ ಚೆನ್ನಾಗಿವೆ ಎಂದರು. ಕೊನೆಗೆ ಯಾರೋ ಹೇಳಿದರೆಂದು ಪರೇಲಿನ ಒಂದು ಆಸ್ಪತ್ರೆಗೆ ಹೋದೆವು. ಅಲ್ಲಿ ಮಕ್ಕಳನ್ನು ನೋಡುತ್ತಿದ್ದವರು ಒಬ್ಬ ಪಾರ್ಸಿ ಡಾಕ್ಟರು, ವಯಸ್ಸಾದ ಹೆಂಗಸು. ಮಂದಾಕಿನಿಯ ನಾಲಗೆ ನೋಡಲಿಲ್ಲ, ನಾಡಿ ಹಿಡಿಯಲಿಲ್ಲ. ತಮ್ಮ ಮುರುಕಲು ಹಿಂದಿಯಲ್ಲಿ ಒಂದು ಉದ್ದನೆಯ ಕತೆ ಹೇಳಿದರು. ತಿರುಗಿ ಹೇಳು ಎಂದರು. ಅವಳು ಹೇಳಿದಳು. ಅವರು ಮಧ್ಯೆ ಮರೆತುಹೋಗಿದ್ದ ಒಂದು ಕತ್ತೆಯನ್ನೂ ನೆನಪಿಸಿ ಸೇರಿಸಿದಳು. ಆಮೇಲೆ ಅಕ್ಷರದ ಚೀಟಿ ಮುಂದಿಟ್ಟರು. ಮಗುವಿನ ಅಂಗೈ ಬೆವರಿತು. ಫ್ರಾಕಿಗೆ ಒರೆಸಿಕೊಂಡಳು.

ಡಾಕ್ಟರು ಚೀಟಿ ತೆಗೆದುಬಿಟ್ಟರು. 'ಯೇ ಲಡಕೀ ಬುದ್ಧೂ ನಹೀ ಹೈ', ಈ ಹುಡುಗಿ ದಡ್ಡಿಯಲ್ಲ ಎಂದರು. ನನಗಲ್ಲ, ಅವಳಿಗೇ, ಅವಳ ಮುಖ ನೋಡಿಕೊಂಡು.

ಇದಕ್ಕೊಂದು ಇಂಗ್ಲಿಷ್ ಹೆಸರಿದೆಯಂತೆ. ಅದರ ಸ್ಪೆಲಿಂಗ್ ನನಗೇ ಬರಲಿಲ್ಲ. ಔಷಧವಿದೆಯೇ? ಇಲ್ಲ. ದೊಡ್ಡವಳಾದರೆ ಹೋಗುತ್ತದೆಯೇ? ಪೂರ್ತಿ ಹೋಗುವುದಿಲ್ಲ. ಮತ್ತೆ? ಕಲಿಸಬೇಕು. ಎಲ್ಲರಿಗೂ ಕಲಿಸುವಂತಲ್ಲ, ಇವಳಿಗೆ ಹೇಗೆ ಬರುತ್ತದೆಯೋ ಹಾಗೆ. ಆಮೇಲೆ ಅವರು ಕೇಳಿದ ಪ್ರಶ್ನೆಗೆ ನಾನು ತಯಾರಾಗಿರಲಿಲ್ಲ.

'ಇವಳಿಗೆ ಎಷ್ಟು ಲಿಪಿ ಕಲಿಸುತ್ತಿದ್ದೀರಿ?'

ಹೇಳಿದೆ. ಈಗ ಕನ್ನಡ. ಮುಂದೆ ಮರಾಠಿ, ಹಿಂದಿ. ಆಮೇಲೆ ಇಂಗ್ಲಿಷ್.

'ಒಂದೇ ನಿಲ್ಲುತ್ತಿಲ್ಲವಲ್ಲ. ಒಂದನ್ನು ಆರಿಸಿಕೊಳ್ಳಿ. ಅದು ಗಟ್ಟಿಯಾದ ಮೇಲೆ ಇನ್ನೊಂದರ ಮಾತು.'

ಯಾವುದು ಎಂದು ಅವರು ಹೇಳಲಿಲ್ಲ. ಹೇಳಬೇಕಾದವರು ನಾವು.

ನಮ್ಮ ಮನೆಯವರು ರೈಲ್ವೆಯಲ್ಲಿ ಗುಮಾಸ್ತರು. ಹೆಚ್ಚು ಮಾತಿಲ್ಲ. ಆ ಸಂಜೆ ಖೋಲಿಗಳ ಮುಂದಿನ ಗ್ಯಾಲರಿಯಲ್ಲಿ ನಿಂತು ಅವರೇ ಶುರು ಮಾಡಿದರು.

'ನಾಗರಿ ಕಲಿತರ ಮರಾಠಿನೂ ಆತು, ಹಿಂದೀನೂ ಆತು. ಒಂದ ಅಕ್ಷರಕ್ಕ ಎರಡು ಭಾಷಾ. ಅಂಗಡಿ ಬೋರ್ಡು, ಬಸ್ಸಿನ ನಂಬರು, ಸ್ಟೇಷನ್ನು, ಎಲ್ಲಾ ಅದರಾಗ ಅದಾವ.'

'ಮತ್ತ ಕನ್ನಡ?'

ಅವರು ಕೆಳಗಿನ ನಲ್ಲಿಯ ಕಡೆ ತಿರುಗಿದರು.

'ಕನ್ನಡ ಕಿವಿಯಾಗ ಇರಲಿ' ಎಂದರು.

ಕಾಗದದ ಮೇಲೆ ಲೆಕ್ಕ ಸರಿಯಾಗಿತ್ತು. ಎದೆಯೊಳಗೆ ಸರಿಹೋಗಲಿಲ್ಲ. ನಾನು ಬರೆಯುವುದು ಕನ್ನಡದಲ್ಲಿ. ನಾಳೆ ನನ್ನ ಮಗಳು ನಾನು ಬರೆದ ಒಂದು ಸಾಲನ್ನೂ ಓದಲಾರಳು. ಮಕ್ಕಳಿಗೆ ಏನೇನೋ ಬಿಟ್ಟುಹೋಗುತ್ತೇವೆ ಎಂದು ಮಾತಾಡುತ್ತೇವಲ್ಲ, ನಾನು ಬಿಟ್ಟುಹೋಗಬಹುದಾದದ್ದು ಅದೊಂದೇ ಆಗಿತ್ತು. ಇಲ್ಲಿಯ ಕನ್ನಡ ಸಂಘದ ಹಿರಿಯರೊಬ್ಬರು ಸಿಕ್ಕಾಗ 'ನೀವs ಹಿಂಗ ಮಾಡಿದರ ಹೆಂಗ್ರೀ?' ಎಂದರು. ಭಾಷಣದಲ್ಲಿ ನಾನು ಹೇಳಿದ್ದ 'ಮಕ್ಕಳು' ಬೇರೆ, ಮನೆಯಲ್ಲಿ ಅಂಗೈ ಒರೆಸಿಕೊಳ್ಳುವ ಮಗು ಬೇರೆ. ಆ ವರ್ಷದಿಂದ ನಾನು ವೇದಿಕೆ ಹತ್ತಲಿಲ್ಲ. ಯಾರೂ ಕರೆಯಲೂ ಇಲ್ಲ, ಅದು ಬೇರೆ ಮಾತು.

ದಾದರಿನ ಒಂದು ಮರಾಠಿ ಶಾಲೆಯವರು ಅವಳನ್ನು ಸೇರಿಸಿಕೊಂಡರು. ಕೆಳಗಿನ ಕ್ಲಾಸಿಗೆ. ಸಾಲಿನಲ್ಲಿ ನಿಂತರೆ ಇವಳೊಬ್ಬಳೇ ಒಂದು ತಲೆ ಎತ್ತರ. ಸೋಮವಾರ ಬೆಳಿಗ್ಗೆ ವಾಂತಿ ಮಾಡಿಕೊಳ್ಳುತ್ತಿದ್ದಳು. ಮುಖ ತೊಳೆದು, ಜಡೆ ಹಾಕಿ, ಕಳಿಸುತ್ತಿದ್ದೆ. ಕಳಿಸಿ ನಾನು ಡ್ಯೂಟಿಗೆ ಓಡುತ್ತಿದ್ದೆ.

ಹೇಗೆ ಕಲಿಸುವುದೆಂಬುದು ಡ್ಯೂಟಿಯಲ್ಲೇ ಹೊಳೆಯಿತು. ಟ್ರಂಕ್ ಲೈನಿನಲ್ಲಿ ಗದ್ದಲವಿದ್ದಾಗ 'ಬಿ' ಎಂದರೆ 'ಡಿ' ಎಂದು ಕೇಳುತ್ತದೆ, 'ಪಿ' ಎಂದರೆ 'ಟಿ'. ಅದಕ್ಕೇ ನಾವು 'ಬಿ ಫಾರ್ ಬಾಂಬೆ, ಡಿ ಫಾರ್ ಡೆಲ್ಲಿ' ಎನ್ನುತ್ತೇವೆ. ಕಿವಿಗೆ ಒಂದೇ ಥರ ಕೇಳುವುದನ್ನು ಊರಿನ ಹೆಸರು ಬೇರೆ ಮಾಡುತ್ತದೆ. ಇವಳಿಗೆ ಕಣ್ಣಿನ ಲೈನಿನಲ್ಲಿ ಗದ್ದಲವಿದೆ. ಅಷ್ಟೇ ಅಲ್ಲವೇ?

ಮಧ್ಯಾಹ್ನ ಮನೆಗೆ ಬಂದು ನಾಗರಿಯ ಎರಡು ಅಕ್ಷರ ದೊಡ್ಡದಾಗಿ ಬರೆದೆ. 'ವ' ಮತ್ತು 'ಬ'. ನಾಗರಿಯಲ್ಲಿ ಇವೆರಡೂ ಒಂದೇ ಆಕಾರ. 'ಬ'ದ ಹೊಟ್ಟೆಯ ಮೇಲೆ ಒಂದು ಅಡ್ಡ ಗೆರೆ ಇರುತ್ತದೆ, ಅಷ್ಟೇ ವ್ಯತ್ಯಾಸ. 'ವ ಅಂದ್ರ ನಮ್ಮ ವಸಂತರಾವ್' ಎಂದೆ. ಕೆಳಗಿನ ಮಹಡಿಯವರು, ಹೊಟ್ಟೆ ಮುಂದೆ. ನಕ್ಕಳು. 'ಹಂಗಾರ ಬ ಯಾರು?' ಎಂದೆ. ಅವಳು ಗೆರೆಯ ಮೇಲೆ ಬೆರಳಾಡಿಸಿ ಯೋಚಿಸಿದಳು.

'ಬಸ್ ಕಂಡಕ್ಟರ್' ಎಂದಳು. 'ಚೀಲದ ಪಟ್ಟಿ ಹಾಕ್ಯಾನ.'

ಮರುದಿನ ಬೆಳಿಗ್ಗೆ ಕೇಳಿದೆ. ಕಂಡಕ್ಟರ್ ಇದ್ದ. ಅದರ ಮರುದಿನವೂ ಇದ್ದ. ಮೊಟ್ಟಮೊದಲ ಬಾರಿಗೆ ಒಂದು ಅಕ್ಷರ ಅವಳ ಬಳಿ ನಿಂತಿತ್ತು.

ಆಮೇಲೆ ಹೆಸರಿಡುವ ಕೆಲಸ ಅವಳೇ ವಹಿಸಿಕೊಂಡಳು. 'ಮ' ಮಾಲತಿಕಾಕು, ತಲೆ ತುಂಬ ಸೆರಗು. 'ಭ' ಹಾಗೇ ಇದ್ದರೂ ತಲೆಯ ಗೆರೆ ತುಂಡಾಗಿರುತ್ತದೆ, ಅದಕ್ಕೇ ಸೆರಗು ಜಾರಿದ ಭಾಗೀರಥಿ. ವರ್ಣಮಾಲೆಯಲ್ಲಿ ಇಡೀ ಚಾಳು ಬಂದು ಕೂತಿತು (ಯಾರು ಯಾವ ಅಕ್ಷರವೆಂದು ಪೂರ್ತಿ ಬರೆದರೆ ನಾನು ಈ ಚಾಳಿನಲ್ಲಿ ಇರುವಂತಿಲ್ಲ).

ಆದರೂ ಕೈ ತಪ್ಪುತ್ತಿತ್ತು. ಬರೆಯುವಾಗ ಅಕ್ಷರ ಎಡಕ್ಕೆ ಹೋಗಬೇಕೋ ಬಲಕ್ಕೆ ಹೋಗಬೇಕೋ ತಿಳಿಯುತ್ತಿರಲಿಲ್ಲ. ಇಡೀ ಮೈಯಿಂದ ಕಲಿಯಲಿ ಎಂದು ಡಾಕ್ಟರು ಹೇಳಿದ್ದರು. ಗ್ಯಾಲರಿಯ ನೆಲದ ಮೇಲೆ ಸೀಮೆಸುಣ್ಣದಿಂದ ಆಳುದ್ದದ ಅಕ್ಷರ ಬರೆದೆ. 'ಇದರ ಮ್ಯಾಲೆ ನಡಿ' ಎಂದೆ. ನಡೆದಳು. ತಿರುವಿನಲ್ಲಿ ತಿರುಗಿದಳು, ಕೊನೆಯಲ್ಲಿ ನಿಂತಳು, ಬಾಯಿಂದ ಅದರ ಹೆಸರು ಹೇಳಿದಳು.

ಮಾಲತಿಕಾಕು ಹೊರಗೆ ಬಂದರು. ನಮ್ಮ ಪಕ್ಕದ ಖೋಲಿಯವರು, ಹಿರಿಯರು, ನಮಗೆ ಬಹಳ ಬೇಕಾದವರು.

'ಅಗೋ, ಅಕ್ಷರಾವರ್ ಪಾಯ್?' ಎಂದರು. ಅಕ್ಷರದ ಮೇಲೆ ಕಾಲೇ? ಸರಸ್ವತಿ ಮುನಿಯದೆ ಇನ್ನೇನು ಮಾಡುತ್ತಾಳೆ, ಅದಕ್ಕೇ ಮಗುವಿಗೆ ಹೀಗಾಗಿದೆ ಎಂದರು. ಸುತ್ತಲಿನ ಬಾಗಿಲುಗಳಲ್ಲಿ ಮುಖಗಳು ಕಂಡವು. ಮಂದಾಕಿನಿ ಅಕ್ಷರದ ನಡುವೆಯೇ ಒಂದು ಕಾಲೆತ್ತಿ ನಿಂತುಬಿಟ್ಟಳು.

ಆಗ ನನ್ನ ತಂದೆ ನಮ್ಮಲ್ಲಿಗೆ ಬಂದಿದ್ದರು. ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಎಲ್ಲವನ್ನೂ ನೋಡುತ್ತಿದ್ದರು. ಕಾಗದದ ಚೂರಿಗೆ ಕಾಲು ತಗಲಿದರೂ ಕಣ್ಣಿಗೊತ್ತಿಕೊಳ್ಳುವವರು. ಅದೂ ಕನ್ನಡ ಅಕ್ಷರವಲ್ಲದ ಅಕ್ಷರ. ಅವರೇನು ಹೇಳುತ್ತಾರೋ ಎಂದು ತಿರುಗಿ ನೋಡಿದೆ.

ಅವರು ಎದ್ದು ಬಂದು ಮಾಲತಿಕಾಕುವಿಗೆ ಕೈಮುಗಿದರು. ತಮ್ಮ ಧಾರವಾಡದ ಮರಾಠಿಯಲ್ಲಿ ಅವರಿಗೇನೋ ಹೇಳಿದರು. ಆಮೇಲೆ ಮೊಮ್ಮಗಳ ಕಡೆ ತಿರುಗಿದರು.

'ಅಕ್ಷರ ತುಳೀಬಾರದು ಅಂತ ನಾನೂ ಹುಡುಗರಿಗೆ ಹೊಡದೇನಿ. ಆದ್ರ ನೀ ತುಳೀಲಿಕ್ಕತ್ತಿಲ್ಲ. ಹಾದಿ ಹುಡುಕ್ಲಿಕ್ಕತ್ತಿ. ಕಾಲು ಇಳಸು, ನಡಿ.'

ಅವಳು ನಡೆದಳು. ಮಾಲತಿಕಾಕು ಸ್ವಲ್ಪ ಹೊತ್ತು ನೋಡಿ ಒಳಗೆ ಹೋದರು. ಮರುದಿನದಿಂದ ಗ್ಯಾಲರಿಯ ಆ ಭಾಗವನ್ನು ಅವರೇ ಗುಡಿಸಿ, ನೀರು ಹಾಕಿ, ಒರೆಸಿಡತೊಡಗಿದರು. ತುಳಿಯುವುದೇ ಆದರೆ ಮಡಿಯಲ್ಲಿ ತುಳಿಯಲಿ ಎಂದಿರಬೇಕು.

ತಂದೆ ಊರಿಗೆ ಹೊರಡುವ ಮುನ್ನ ನಾನು ಕನ್ನಡದ ಮಾತೆತ್ತಿದೆ. ಬೇಜಾರಾಯಿತೇ ಎಂದು ಕೇಳಿದೆ. ಆಯಿತು ಎಂದರು, ಮುಚ್ಚಿಡಲಿಲ್ಲ. 'ನನ್ನ ಕೂಡ ಕನ್ನಡದಾಗ ಜಗಳಾಡ್ತಾಳ. ಅಷ್ಟು ಉಳೀತಲ್ಲ' ಎಂದರು.

ಈಗ ಒಂದು ಹೊಸ ತೊಂದರೆ. ಅವಳು ನಿಜವಾಗಿ ಓದುತ್ತಿದ್ದಾಳೋ, ಮತ್ತೆ ನೆನಪಿನಿಂದ ಹೇಳುತ್ತಿದ್ದಾಳೋ? ನನಗೆ ತಿಳಿಯುವುದಾದರೂ ಹೇಗೆ? ಲೋಕಲಿನಲ್ಲಿ ಕೂತರೆ ಸ್ಟೇಷನ್ ಹೆಸರುಗಳನ್ನು ಒಂದೊಂದಾಗಿ ಓದುತ್ತಿದ್ದಳು. ಆದರೆ ದಾದರ್ ಆದ ಮೇಲೆ ಏನು ಬರುತ್ತದೆಂದು ಈ ಊರಿನ ಕುರುಡರಿಗೂ ಗೊತ್ತು. ತಪ್ಪಿಲ್ಲದ ಅವಳ ಓದು ನನ್ನನ್ನು ಹೆದರಿಸುತ್ತಿತ್ತು.

ಒಂದು ಭಾನುವಾರ ನಾವು ಮೂವರೂ ಬಾಂದ್ರಾದಲ್ಲಿ ಇಳಿದೆವು. ಪರಿಚಯದವರ ಮನೆಯಲ್ಲಿ ನಾಮಕರಣ. ಜನವೆಲ್ಲ ಸೇತುವೆ ಹತ್ತಿದ ಮೇಲೂ ಅವಳು ಪ್ಲಾಟ್‌ಫಾರ್ಮಿನ ಬೋರ್ಡಿನ ಮುಂದೆ ನಿಂತೇ ಇದ್ದಳು. ಹುಬ್ಬು ಗಂಟಿಕ್ಕಿತ್ತು.

'ಅವ್ವಾ, ತಪ್ಪು ಬರದಾರ.'

'ಏನು ತಪ್ಪು?'

'ಎಲ್ಲಾರೂ ಬಾಂದ್ರಾ ಅಂತಾರ. ಇಲ್ಲಿ ನೋಡು, ಕಂಡಕ್ಟರನ ಪಟ್ಟಿನ ಇಲ್ಲ. ವಾಂ... ವಾಂದ್ರೆ ಅಂತ ಆಗೇದ. ಕೆಳಗಿನ ಸಾಲಿನಾಗ ಪಟ್ಟಿ ಅದ.'

ನಿಮಗೆ ಗೊತ್ತಿರಬಹುದು. ಹಿಂದಿಯಲ್ಲಿ ಬಾಂದ್ರಾ, ಮರಾಠಿಯಲ್ಲಿ ವಾಂದ್ರೆ. ಅಷ್ಟು ವರ್ಷಗಳಿಂದ ಆ ಸ್ಟೇಷನ್ನಿನಲ್ಲಿ ಹತ್ತಿ ಇಳಿದಿದ್ದೆ. ಅವೆರಡು ಬೇರೆ ಎಂದು ನಿಂತು ನೋಡಿರಲಿಲ್ಲ. ಕಿವಿ ಒಂದು ಹೇಳುತ್ತಿತ್ತು, ಕಣ್ಣು ಇನ್ನೊಂದು ಹೇಳುತ್ತಿತ್ತು. ನನ್ನ ಮಗಳು ಕಿವಿಯನ್ನು ಬಿಟ್ಟು ಕಣ್ಣನ್ನು ನಂಬಿದ್ದಳು.

ಅವಳು ಓದುತ್ತಿದ್ದಳು.

ನಾನು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ. ನಮ್ಮ ಮನೆಯವರು ಕರವಸ್ತ್ರ ತೆಗೆದು ನನಗೆ ಕೊಡುತ್ತಾರೆಂದು ನೋಡಿದರೆ ತಾವೇ ಒರೆಸಿಕೊಂಡರು. ನಾಮಕರಣಕ್ಕೆ ತಡವಾಯಿತು. ಆ ಮಗುವಿಗೆ ಏನು ಹೆಸರಿಟ್ಟರೆಂದು ನನಗೆ ಇವತ್ತಿಗೂ ನೆನಪಿಲ್ಲ.

ಕತೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಮುಗಿಯಲಿಲ್ಲ. ಇಂಗ್ಲಿಷ್ ಬಂತು. 'ನೈಫ್ ಅನ್ನೂದಕ್ಕ ಕೆ ಯಾಕ ಬೇಕವ್ವಾ?' ಎಂದು ಕೇಳಿದಳು. ದಿನವಿಡೀ ಇಂಗ್ಲಿಷಿನಲ್ಲಿ 'ನಂಬರ್ ಪ್ಲೀಸ್' ಎನ್ನುವ ನನಗೂ ಗೊತ್ತಿರಲಿಲ್ಲ. ಮತ್ತೆ ಒಂದು ವರ್ಷ ನಪಾಸಾದಳು. ಶಾಲೆ ಬಿಡುತ್ತೇನೆಂದು ಹಟ ಹಿಡಿದು ಊಟ ಬಿಟ್ಟಳು. ಇತಿಹಾಸದ ಟೀಚರೊಬ್ಬರು ಅವಳ ಉತ್ತರಗಳನ್ನು ಬಾಯಿಮಾತಿನಲ್ಲೇ ಕೇಳಿ ಮಾರ್ಕು ಕೊಟ್ಟರು. ಭೂಗೋಳದ ಸರ್ ಅದಕ್ಕೆ ಒಪ್ಪಲಿಲ್ಲ: 'ಬೋರ್ಡಿನ ಪರೀಕ್ಷೆಯಲ್ಲಿ ಇವಳ ಬಾಯಿ ಯಾರು ಕೇಳುತ್ತಾರೆ?' ಇಬ್ಬರದೂ ಸರಿಯೇ. ಅದೇ ಕಷ್ಟ.

ದೊಡ್ಡ ಕ್ಲಾಸಿನ ಪುಸ್ತಕಗಳನ್ನು ಅವಳ ನಿಧಾನದ ಓದಿನಲ್ಲಿ ಮುಗಿಸುವುದು ಸಾಧ್ಯವಿರಲಿಲ್ಲ. ಅವಳ ಅಪ್ಪ ಆಫೀಸಿನಿಂದ ಬಂದು, ಅಂಗಿ ಕಳಚಿ, ಗೋಡೆಗೊರಗಿ ಕೂತು ಗಟ್ಟಿಯಾಗಿ ಓದುತ್ತಿದ್ದರು. ಮಾತೇ ಆಡದ ಆ ಮನುಷ್ಯ ಎಷ್ಟು ವರ್ಷ ಓದಿದರು. ಅವಳು ಕಣ್ಣು ಮುಚ್ಚಿ ಕೇಳುತ್ತಿದ್ದಳು. ಬರೆಯುವುದನ್ನು ಮಾತ್ರ ಯಾರೂ ಅವಳ ಪರವಾಗಿ ಮಾಡುವಂತಿರಲಿಲ್ಲ. ಈ ಸಲದ ಪರೀಕ್ಷೆಯಲ್ಲಿ ಒಂದು ಪತ್ರಿಕೆಯನ್ನೂ ಅವಳು ಪೂರ್ತಿ ಬರೆದು ಮುಗಿಸಿಲ್ಲ. ಗೊತ್ತಿದ್ದ ಉತ್ತರಗಳನ್ನು ಮನಸ್ಸಿನಲ್ಲೇ ಇಟ್ಟುಕೊಂಡು ಎದ್ದು ಬಂದಳು. ಬರೆದಷ್ಟಕ್ಕೆ ಪಾಸಾಗಿದ್ದಾಳೆ.

ಈಗ ಹೇಳಿ, ಆ ಪರ್ಸೆಂಟು ಯಾವುದರ ಪರ್ಸೆಂಟು? ಅವಳಿಗೆ ಗೊತ್ತಿದ್ದುದರದೇ? ಅಥವಾ ಅವಳ ಕೈ ಎಷ್ಟು ಬೇಗ ಓಡಿತು ಎಂಬುದರದೇ?

ಮುಂದೇನು? ನಮಗೂ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ. ಎಸ್ಸೆಸ್ಸಿ ಆದವರಿಗೆ ನಮ್ಮ ಆಪರೇಟರ್ ಕೆಲಸ ಸಿಗುತ್ತದೆ ಎಂದು ಆಸೆ ತೋರಿಸಿದೆ. 'ದಿನಾ ಮಂದಿ ಕಡೆ ಬೈಸ್ಕೋಳೂದು ನಂಗ ಬ್ಯಾಡ' ಎಂದಳು. ಅಕ್ಷರ ಇವತ್ತಿಗೂ ಅವಳಿಗೆ ಸಲೀಸಲ್ಲ. ಸುಸ್ತಾದ ದಿನ ಕಂಡಕ್ಟರ್ ಪಟ್ಟಿ ಬಿಚ್ಚಿಟ್ಟು ಓಡಾಡುತ್ತಾನೆ. ಡಾಕ್ಟರು ಮೊದಲೇ ಹೇಳಿದ್ದರು, ಪೂರ್ತಿ ಹೋಗುವುದಿಲ್ಲ ಎಂದು.

ಈ ಬರಹವನ್ನು ಕಳಿಸುವ ಮುನ್ನ ಅವಳಿಗೆ ಓದಿ ಹೇಳಿದೆ. ಅವಳಿಗೆ ಕನ್ನಡ ಓದಲು ಬಾರದಲ್ಲ. ಮಂಡಿಯ ಮೇಲೆ ಗಲ್ಲವಿಟ್ಟು ಕೇಳಿದಳು. ಎರಡು ಕಡೆ ನಕ್ಕಳು. ಹೆಡ್ಮಾಸ್ತರರ ಮಾತು ಬಂದಾಗ ಉಗುರು ನೋಡಿಕೊಂಡಳು. ಮುಗಿದ ಮೇಲೆ ಕೇಳಿದೆ, ಏನಾದರೂ ತೆಗೆಯಬೇಕೇ?

'ಏನೂ ತೆಗೀಬ್ಯಾಡ. ಆದ್ರ ನಾ ದಡ್ಡಿ ಇರ್ಲಿಲ್ಲ ಅನ್ನೂದನ್ನ ಮೊದಲs ಬರದುಬಿಡು. ಕಡೀತನಕಾ ಯಾರು ಓದ್ತಾರ?'

ನಾನು ಬದಲಾಯಿಸಲಿಲ್ಲ. ನೀವು ಕಡೆಯವರೆಗೆ ಓದುತ್ತೀರೆಂದು ನನಗೆ ನಂಬಿಕೆಯಿತ್ತು, ಓದಿದಿರಿ. ಆದರೆ ನಿಮ್ಮ ಮನೆಯಲ್ಲಿ 'ಹೊಟ್ಟಿ ನೋಯ್ತದ' ಎನ್ನುವ ಮಗುವಿನ ಮಾತನ್ನು ಹೀಗೆ ಕಡೆಯವರೆಗೆ ಕೇಳಿದ್ದೀರಾ?